ಸಾಕ್ಷಿಯ ಸಹಿ: ಕ್ರೈಸ್ತ ವಿಶ್ವಾಸದ ಆತ್ಮಬರಹ – ಉದ್ದೇಶ ಮತ್ತು ಮಿತಿ

ಕಳೆದ ವರ್ಷ ದೀಪಾವಳಿಯ ನಂತರದ ಒಂದು ಭಾನುವಾರ ಬೋಡಕ್‌ದೇವ್‌ನ ನಮ್ಮ ಮನೆಗೆ ಹಿರಿಯ ಮಹಿಳೆಯೊಬ್ಬರು ಬಂದಿದ್ದರು. ಹುಬ್ಬಳ್ಳಿಯ ಕಡೆಯವರು, ಶಿಕ್ಷಕಿಯಾಗಿ ನಿವೃತ್ತರಾದವರು. ರಾಜ್ಯೋತ್ಸವದ ದಿನ ನಾಡಗೀತೆ ಹಾಡುವ ಸಾಲಿನಲ್ಲಿ ತಪ್ಪದೆ ನಿಲ್ಲುವವರು. ಅವರದು ತಲೆಮಾರುಗಳಿಂದ ಕ್ರೈಸ್ತ ಮನೆತನ. ಅವರ ಕೈಯಲ್ಲಿ ಇನ್ನೂರು ಪುಟಗಳ ಒಂದು ನೋಟ್‌ಬುಕ್ ಇತ್ತು. ತಮ್ಮ ಬದುಕಿನಲ್ಲಿ ದೇವರು ನಡೆಸಿದ ಬಗೆಯನ್ನು ಅದರಲ್ಲಿ ಕನ್ನಡದಲ್ಲಿ ಬರೆದಿದ್ದರು. ಪತಿಯ ವರ್ಷಾಬ್ದಿಗೆ ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿ ಬಂಧುಗಳಿಗೆ ಹಂಚಬೇಕೆಂಬುದು ಅವರ ಆಸೆ.

"ರಾಯರೇ, ನೀವು ಬ್ಯಾಂಕಿನವರಾದರೂ ಬಿ.ಎ.ಯಲ್ಲಿ ಕನ್ನಡ ಓದಿದವರು. ಒತ್ತಕ್ಷರ, ದೀರ್ಘ ತಿದ್ದಿಕೊಡ್ರಿ" ಎಂದರು. ಹೊರಡುವಾಗ ಬಾಗಿಲ ಬಳಿ ನಿಂತು, "ಇದರಾಗ ಏನು ಇರಬೇಕು, ಏನು ಬಿಡಬೇಕು, ಅದನ್ನೂ ಹೇಳ್ರಿ" ಎಂದು ಸೇರಿಸಿದರು.

ಕಾಗುಣಿತ ತಿದ್ದುವುದು ಒಂದು ಸಂಜೆಯ ಕೆಲಸ. ಎರಡನೆಯ ಪ್ರಶ್ನೆ ಮಾತ್ರ ಹಲವು ವಾರಗಳ ಕಾಲ ನನ್ನನ್ನು ಬಿಡಲಿಲ್ಲ. ನಾನು ಕ್ರೈಸ್ತನಲ್ಲ. ಆದರೂ ವಿಶ್ವಾಸದ ಬರಹ ಯಾವುದಕ್ಕಾಗಿ, ಅದು ಎಲ್ಲಿ ನಿಲ್ಲಬೇಕು ಎಂಬುದು ಎಲ್ಲ ಮತದವರಿಗೂ ಸಂಬಂಧಿಸಿದ ಪ್ರಶ್ನೆ. ಆ ವಾರಗಳಲ್ಲಿ ಓದಿದ್ದನ್ನೂ ಯೋಚಿಸಿದ್ದನ್ನೂ ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಸಾಕ್ಷಿ ಎಂಬ ಪದ

ಕನ್ನಡ ಕ್ರೈಸ್ತರಲ್ಲಿ ಇಂಥ ಬರಹಕ್ಕೂ ಮಾತಿಗೂ 'ಸಾಕ್ಷಿ' ಎಂದೇ ಹೆಸರು. ಸಭೆಯಲ್ಲಿ ಎದ್ದು ನಿಂತು ತನ್ನ ಅನುಭವವನ್ನು ಹೇಳುವುದನ್ನು 'ಸಾಕ್ಷಿ ಹೇಳುವುದು' ಎನ್ನುತ್ತಾರೆ. ಈ ಪದ ಬ್ಯಾಂಕಿನ ನೌಕರನಿಗೆ ಹೊಸದಲ್ಲ. ನಾಮನಿರ್ದೇಶನದ ಅರ್ಜಿಗೆ ಖಾತೆದಾರರು ಹೆಬ್ಬೆಟ್ಟು ಒತ್ತಿದರೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಹಿ ಹಾಕಲು ಕರೆದಾಗ ಅನೇಕರು ಹಿಂಜರಿಯುತ್ತಾರೆ. ನಾಳೆ ಏನಾದರೂ ಆದರೆ ತಾವು ಹೊಣೆಯೇ ಎಂದು ಕೇಳುತ್ತಾರೆ. ನಾವು ಹೇಳುವುದು ಒಂದೇ ಮಾತು: "ಇವರು ನಿಮ್ಮೆದುರು ಹೆಬ್ಬೆಟ್ಟು ಒತ್ತಿದರು ಎಂಬುದಕ್ಕಷ್ಟೇ ನೀವು ಸಾಕ್ಷಿ."

ಸಾಕ್ಷಿಯ ಬಲವೂ ಮಿತಿಯೂ ಇದೊಂದೇ. ತಾನು ಕಂಡದ್ದನ್ನು ಅವನು ಹೇಳಿದರೆ ಅಲ್ಲಗಳೆಯುವುದು ಸುಲಭವಲ್ಲ. ಕಾಣದಿದ್ದುದನ್ನು ಸೇರಿಸಿದ ಕೂಡಲೇ ಕಂಡದ್ದರ ಮೇಲೂ ಸಂಶಯ ಬೀಳುತ್ತದೆ. ವಿಶ್ವಾಸದ ಆತ್ಮಬರಹಕ್ಕೂ ಇದೇ ನಿಯಮ ಅನ್ವಯಿಸುತ್ತದೆ ಎಂದು ನನ್ನ ಅನಿಸಿಕೆ.

ಪರಂಪರೆಯ ಹಿನ್ನೆಲೆ

ಕ್ರೈಸ್ತ ಆತ್ಮಬರಹದ ಮೂಲ ಮಾದರಿಯೆಂದು ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಸಂತ ಅಗಸ್ಟೀನರು ಸುಮಾರು ಕ್ರಿ.ಶ. 400ರ ಹೊತ್ತಿಗೆ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ 'ಕನ್ಫೆಷನ್ಸ್' ಗ್ರಂಥವನ್ನು ಹೇಳಲಾಗುತ್ತದೆ. ಆ ಗ್ರಂಥ ನೇರವಾಗಿ ದೇವರನ್ನು ಸಂಬೋಧಿಸುತ್ತದೆ. ಹುಡುಗನಾಗಿದ್ದಾಗ ನೆರೆಯ ತೋಟದಿಂದ ಹಣ್ಣು ಕದ್ದದ್ದನ್ನೂ ಅಗಸ್ಟೀನರು ಅದರಲ್ಲಿ ಮರೆಮಾಚುವುದಿಲ್ಲ. ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ಈ ಪದ್ಧತಿ ಮುಂದೆ ಜರ್ಮನಿಯ ಪ್ರೊಟೆಸ್ಟೆಂಟ್ ಭಕ್ತಿಪಂಥಗಳಲ್ಲಿ ಮನೆಮನೆಯ ಅಭ್ಯಾಸವಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಬಯಸುವ ತರುಣನು ತನ್ನ ಜೀವನವೃತ್ತಾಂತವನ್ನೂ ವಿಶ್ವಾಸದ ಕಥೆಯನ್ನೂ ಬರೆದು ಅರ್ಜಿಯೊಡನೆ ಸಲ್ಲಿಸಬೇಕಾಗಿತ್ತು.

ಆ ಮಿಷನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದರು. 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಪ್ರಕಟವಾಯಿತು. ಇವು ಎಲ್ಲ ಕನ್ನಡಿಗರಿಗೂ ಪರಿಚಿತ. ಇವುಗಳ ಜೊತೆಜೊತೆಗೇ 'ನಾನು ಹೀಗೆ ನಂಬಿದೆ' ಎಂದು ಬರೆಯುವ ರೂಢಿಯೂ ನಮ್ಮ ನಾಡಿಗೆ ಬಂದಿತು ಎಂಬುದು ಅಷ್ಟಾಗಿ ಚರ್ಚೆಯಾಗಿಲ್ಲ.

ಕನ್ನಡದ ಓದುಗನಿಗೆ ದೇವರ ಮುಂದೆ 'ನಾನು' ಎಂದು ಮಾತನಾಡುವ ಸಾಹಿತ್ಯ ಹೊಸದೇನೂ ಆಗಿರಲಿಲ್ಲ. 12ನೆಯ ಶತಮಾನದ ಶರಣರು ತಮ್ಮ ಭಕ್ತಿಯನ್ನಷ್ಟೇ ಅಲ್ಲ, ತಮ್ಮ ಡಾಂಭಿಕತೆ, ಅಂಜಿಕೆ, ಸೋಲುಗಳನ್ನೂ ಇಷ್ಟದೈವದ ಅಂಕಿತದಡಿ ನಿವೇದಿಸಿದ್ದರು. ದಾಸರೂ ಹಾಗೆಯೇ ಮಾಡಿದ್ದರು. ಹೊಸದಾಗಿ ಬಂದದ್ದು ದಿನಾಂಕ, ಊರು, ಮನೆಯವರ ಹೆಸರುಗಳೊಡನೆ ಗದ್ಯದಲ್ಲಿ ಹೇಳುವ ಕ್ರಮ. ಹಾಗಾಗಿ ಹೊಸ ಪ್ರಯೋಜನಗಳೂ ಹೊಸ ಅಪಾಯಗಳೂ ಒಟ್ಟಿಗೇ ಬಂದವು.

ಪಂಡಿತಾ ರಮಾಬಾಯಿ: ಬರಹದ ಉದ್ದೇಶ

ಈ ಪ್ರಯೋಜನವೇನೆಂದು ತಿಳಿಯಲು ನಮ್ಮ ನಾಡಿನಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿ ಅವರ ಉದಾಹರಣೆಯಷ್ಟು ಸ್ಪಷ್ಟವಾದುದು ಬೇರೊಂದಿಲ್ಲ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಪತ್ನಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಶಾಸ್ತ್ರಿಗಳು ವಿರೋಧವನ್ನು ಎದುರಿಸಬೇಕಾಯಿತು. ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ಪುರಾಣ ಹೇಳುತ್ತಾ ತೀರ್ಥಕ್ಷೇತ್ರಗಳನ್ನು ಸುತ್ತಿದ ಕುಟುಂಬವದು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರನ್ನು ಪಂಡಿತೆ ಎಂದು ಗೌರವಿಸಿದರು. 1880ರಲ್ಲಿ ಅಣ್ಣನನ್ನೂ 1882ರಲ್ಲಿ ಪತಿಯನ್ನೂ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ವಾಂಟೇಜ್ ಎಂಬ ಊರಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು.

1907ರಲ್ಲಿ ಅವರು ತಮ್ಮ ವಿಶ್ವಾಸದ ಸಾಕ್ಷಿಯನ್ನು ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಬರೆದರು. ಅದರಲ್ಲಿ ಗಮನಾರ್ಹವಾದ ಒಂದು ಒಪ್ಪಿಗೆಯಿದೆ. ದೀಕ್ಷೆ ಪಡೆದಾಗ ತಮಗೆ ದೊರೆತದ್ದು ಕ್ರೈಸ್ತ ಮತ. ಕ್ರಿಸ್ತನು ದೊರೆತದ್ದು ಅದಾದ ಎಷ್ಟೋ ವರ್ಷಗಳ ಮೇಲೆ ಎಂಬ ಅರ್ಥದ ಮಾತನ್ನು ಅವರು ಹೇಳುತ್ತಾರೆ. ಅಷ್ಟು ಹೊತ್ತಿಗೆ ಅವರು ಲೋಕಪ್ರಸಿದ್ಧರು. ತಮ್ಮ ಹಿಂದಿನ ತಿಳಿವಳಿಕೆ ಅಪೂರ್ಣವಾಗಿತ್ತು ಎಂದು ಒಪ್ಪುವ ಅಗತ್ಯ ಅವರಿಗೆ ಇರಲಿಲ್ಲ. ಆದರೂ ಬರೆದರು. ತಮ್ಮಂತೆಯೇ ಅರ್ಧ ದಾರಿಯಲ್ಲಿ ನಿಂತವರಿಗೆ, ನಿಮ್ಮದು ವಿಚಿತ್ರ ಸ್ಥಿತಿಯಲ್ಲ ಎಂಬ ಧೈರ್ಯವನ್ನು ಇಂಥ ಒಪ್ಪಿಗೆ ಕೊಡುತ್ತದೆ. ವಿಶ್ವಾಸದ ಬರಹದ ಮೊದಲ ಪ್ರಯೋಜನ ಇದು.

ಎರಡನೆಯದು, ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದು. ವಾಂಟೇಜಿನ ಸಂನ್ಯಾಸಿನಿ ಸಿಸ್ಟರ್ ಜೆರಾಲ್ಡಿನ್ ಮತ್ತು ರಮಾಬಾಯಿ ಅವರ ನಡುವಿನ ಪತ್ರವ್ಯವಹಾರ 1977ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಗಿದೆ. ತಮಗೆ ಆಶ್ರಯ ಕೊಟ್ಟವರೇ ಆದರೂ, ತಮ್ಮ ಅಂತಃಕರಣ ಒಪ್ಪದ ಸಿದ್ಧಾಂತವನ್ನು ಒಪ್ಪುವುದಿಲ್ಲವೆಂದು ರಮಾಬಾಯಿ ಆ ಪತ್ರಗಳಲ್ಲಿ ನಿಷ್ಠುರವಾಗಿ ವಾದಿಸುತ್ತಾರೆ. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ನಿನಲ್ಲೇ ಏಕಿರಬೇಕು, ಸಂಸ್ಕೃತಕ್ಕಿಂತ ಅದು ಹೇಗೆ ಪವಿತ್ರ ಎಂದೂ ಕೇಳುತ್ತಾರೆ. ತಾನು ನಿಜವಾಗಿ ನಂಬುವುದು ಯಾವುದನ್ನು, ಬರಿಯ ದಾಕ್ಷಿಣ್ಯಕ್ಕೆ ಒಪ್ಪಿರುವುದು ಯಾವುದನ್ನು ಎಂಬುದು ಬರೆಯುವಾಗಲೇ ಬೇರ್ಪಡುತ್ತದೆ. 'ಮನಸ್ಸಾಕ್ಷಿ' ಎಂಬ ಕನ್ನಡ ಪದದ ಸಾರ್ಥಕತೆ ಇಲ್ಲಿದೆ: ಮೊದಲು ಮನಸ್ಸು ಸಾಕ್ಷಿ ನುಡಿಯಬೇಕು, ಆಮೇಲೆ ಲೇಖನಿ.

ಮೂರನೆಯದು, ಮುಂದಿನವರಿಗೆ ನೆನಪನ್ನು ಒಪ್ಪಿಸುವುದು. ರಮಾಬಾಯಿ ಬರೆಯದಿದ್ದರೆ ಕ್ಷಾಮದಲ್ಲಿ ಅಲೆದ ಆ ಕುಟುಂಬದ ಕಥೆ ನಮಗೆ ತಿಳಿಯುತ್ತಿರಲಿಲ್ಲ. ಗುಜರಾತಿನ ಹಿರಿಯರು ಇಂದಿಗೂ 'ಛಪ್ಪನಿಯೊ ದುಕಾಳ' ಎಂದು ನೆನೆಯುವ, ವಿಕ್ರಮ ಸಂವತ್ 1956ರ, ಅಂದರೆ 1899-1900ರ ಭೀಕರ ಬರಗಾಲದಲ್ಲಿ ರಮಾಬಾಯಿ ಅವರ ಮುಕ್ತಿ ಸಂಸ್ಥೆ ಈ ಪ್ರಾಂತದ ಹೆಣ್ಣುಮಕ್ಕಳನ್ನೂ ಮಹಾರಾಷ್ಟ್ರದ ಕೇಡಗಾಂವಿಗೆ ಕರೆದೊಯ್ದು ಆಶ್ರಯ ಕೊಟ್ಟಿತು. ಹಸಿವಿನಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಬೆಳೆದು ಹಸಿದ ಹುಡುಗಿಯರನ್ನು ಹುಡುಕಿಸಿದಳು. ಆ ಕೆಲಸದ ಹಿಂದಿನ ಪ್ರೇರಣೆ ತಿಳಿಯಬೇಕಾದರೆ ಅವರ ಸ್ವಂತ ಮಾತನ್ನೇ ಓದಬೇಕು.

ಮೊದಲ ಮಿತಿ: ಇನ್ನೊಬ್ಬರ ಪಾಲು

ಇನ್ನು ಮಿತಿಗಳ ವಿಚಾರ. ಒಬ್ಬರ ವಿಶ್ವಾಸದ ಕಥೆ ಎಂದೂ ಒಬ್ಬರದೇ ಆಗಿರುವುದಿಲ್ಲ. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತ ದೀಕ್ಷೆ ಪಡೆದರು. ಮುಂದೆ ಬಾಸೆಲ್‌ನಲ್ಲಿ ಓದಿ 1851ರಲ್ಲಿ ಗುರುದೀಕ್ಷೆಯನ್ನೂ ಪಡೆದು ಮರಳಿದರು. ಮಿಷನ್ನಿನ ಇತಿಹಾಸದಲ್ಲಿ ಇದು ಸಂಭ್ರಮದ ಅಧ್ಯಾಯ. ಆದರೆ ಅವರನ್ನು ಹಿಂಬಾಲಿಸದ ಮೊದಲ ಪತ್ನಿಯ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಆ ಸಂಭ್ರಮದಲ್ಲಿ ಸ್ಥಳವಿಲ್ಲ.

ಅಂಥ ಸ್ಥಾನದಲ್ಲಿದ್ದ ಒಬ್ಬ ಹೆಣ್ಣುಮಗಳು ಮಾತ್ರ ತನ್ನ ಪಾಲಿನ ಕಥೆಯನ್ನು ತಾನೇ ಬರೆದಿದ್ದಾರೆ. ಮರಾಠಿ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಮುಂಬಯಿಯಲ್ಲಿ ಕ್ರೈಸ್ತರಾದರು. ಪತ್ನಿ ಲಕ್ಷ್ಮೀಬಾಯಿ ಸಿಡಿಲು ಬಡಿದವರಂತಾಗಿ ವರ್ಷಗಟ್ಟಲೆ ದೂರವೇ ಉಳಿದರು. ಬಳಿಕ ಮಡಿ-ಮೈಲಿಗೆಯ ಭಾವನೆಗಳನ್ನು ಒಂದೊಂದಾಗಿ ದಾಟಿ 1900ರಲ್ಲಿ ತಾವೂ ದೀಕ್ಷೆ ಪಡೆದರು. 1930ರ ದಶಕದಲ್ಲಿ ಪ್ರಕಟವಾದ ಅವರ 'ಸ್ಮೃತಿಚಿತ್ರೇ' ಮರಾಠಿಯ ಅತ್ಯುತ್ತಮ ಆತ್ಮಕಥೆಗಳಲ್ಲಿ ಒಂದೆಂದು ಮಾನ್ಯವಾಗಿದೆ. ಗಂಡನ ವಿಶ್ವಾಸವನ್ನು ಅವರು ಗೌರವಿಸುತ್ತಾರೆ; ಅದರಿಂದ ತಾವು ಪಟ್ಟ ಪಾಡನ್ನು ನಗುತ್ತಲೇ ದಾಖಲಿಸುತ್ತಾರೆ. ಟಿಳಕರು ಮಾತ್ರ ಬರೆದು ಲಕ್ಷ್ಮೀಬಾಯಿ ಬರೆಯದೆ ಇದ್ದಿದ್ದರೆ ಆ ಮನೆಯ ಸತ್ಯದ ಅರ್ಧಭಾಗವಷ್ಟೇ ನಮಗೆ ದಕ್ಕುತ್ತಿತ್ತು. ತಾನು ಬರೆಯುತ್ತಿರುವುದು ಮನೆಯ ಒಂದು ಪಾಲಿನ ಕಥೆಯಷ್ಟೇ ಎಂಬ ಅರಿವು ಬರೆಯುವವರಿಗೆ ಇರಬೇಕು.

ಎರಡನೆಯ ಮಿತಿ: ಯಾರಿಗಾಗಿ ಬರೆಯುವುದು

ಮಿಷನರಿಗಳ ವರದಿಗಳಿಗೆ ದೂರದ ಯೂರೋಪಿನ ಬೆಂಬಲಿಗರೇ ಮುಖ್ಯ ಓದುಗರು. ಅವರ ದೇಣಿಗೆಯಿಂದಲೇ ಕೆಲಸ ನಡೆಯಬೇಕಾಗಿತ್ತು. ಆದುದರಿಂದ ದೀಕ್ಷೆ ಪಡೆದವರ ಕಥೆಗಳು ಕತ್ತಲೆಯಿಂದ ಬೆಳಕಿಗೆ ಎಂಬ ಒಂದೇ ಅಚ್ಚಿನಲ್ಲಿ ಬೀಳುವ ಸಂಭವ ಹೆಚ್ಚಾಗಿತ್ತು. ಅವು ಸುಳ್ಳೆಂದು ಇದರ ಅರ್ಥವಲ್ಲ. ಕೇಳುವವನ ನಿರೀಕ್ಷೆ ಹೇಳುವವನ ಮಾತನ್ನು ತಿದ್ದುತ್ತದೆ ಎಂದಷ್ಟೇ ಅರ್ಥ. ತನ್ನ ಹಿಂದಿನ ಬದುಕು ಪೂರ್ತಿ ಕತ್ತಲೆಯೆಂದು ಬಣ್ಣಿಸಿದಾಗ ಅದರೊಳಗೆ ಬದುಕುತ್ತಿರುವ ನೆರೆಯವರ ಮೇಲೂ ತೀರ್ಪು ಕೊಟ್ಟಂತಾಗುತ್ತದೆ. ಸಾಕ್ಷಿಯಾಗಿ ಬಂದವನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರುವುದು ಇಲ್ಲಿಯೇ.

ಹಾಗೆ ಕೂರದೆಯೂ ವಿಶ್ವಾಸಿಯಾಗಿರಬಹುದು ಎಂಬುದಕ್ಕೆ ರೆವರೆಂಡ್ ಉತ್ತಂಗಿ ಚನ್ನಪ್ಪನವರು ನಿದರ್ಶನ. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಅವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ರಚಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತಮ್ಮ ನಂಬಿಕೆಯನ್ನು ಬಿಡದೆಯೇ ನೆರೆಮನೆಯ ಭಂಡಾರವನ್ನು ಕಾಪಾಡಿದ ಅವರ ಬಾಳೂ ಒಂದು ಬಗೆಯ ಸಾಕ್ಷಿಯೇ.

ಇಂದು ಈ ವಿವೇಕದ ಅಗತ್ಯ ಇನ್ನೂ ಹೆಚ್ಚು. ಬಲವಂತ, ಆಮಿಷ, ವಂಚನೆಗಳ ಮೂಲಕ ಮತಾಂತರ ಮಾಡುವುದನ್ನು ನಿಷೇಧಿಸುವ ಕಾಯಿದೆ ಗುಜರಾತಿನಲ್ಲಿ 2003ರಲ್ಲಿ ಬಂದು 2021ರಲ್ಲಿ ತಿದ್ದುಪಡಿಯಾಗಿದೆ. ಸಂವಿಧಾನದ 25ನೆಯ ವಿಧಿ ಅಂತಃಕರಣದ ಸ್ವಾತಂತ್ರ್ಯವನ್ನೂ ತನ್ನ ಧರ್ಮವನ್ನು ಪ್ರಕಟಪಡಿಸುವ ಹಕ್ಕನ್ನೂ ಕೊಟ್ಟಿದೆ. ತನ್ನ ಧರ್ಮದ ತತ್ವಗಳನ್ನು ತಿಳಿಯಪಡಿಸುವ ಹಕ್ಕು ಬೇರೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿತು. ಕಾನೂನಿನ ಮಾತು ಹಾಗಿರಲಿ; ನನಗೆ ಹೀಗಾಯಿತು ಎನ್ನುವುದು ಸಾಕ್ಷಿ, ಆದುದರಿಂದ ನೀನೂ ಹೀಗೆ ಮಾಡು ಎನ್ನುವುದು ಒತ್ತಾಯ ಎಂಬ ಭೇದ ಸಾಮಾನ್ಯ ವಿವೇಕಕ್ಕೂ ತಿಳಿಯುವಂಥದು.

ಮೂರನೆಯ ಮಿತಿ: ಕಾಲ ಮತ್ತು ಮಾತು

ನಮ್ಮ ಅಹಮದಾಬಾದಿನಲ್ಲಿ ಪ್ರಕಟವಾಗುತ್ತಿದ್ದ 'ನವಜೀವನ' ಪತ್ರಿಕೆಯಲ್ಲಿ ಗಾಂಧೀಜಿಯವರು 1925ರಿಂದ 1929ರವರೆಗೆ ತಮ್ಮ ಸತ್ಯಶೋಧನೆಯ ಕಥೆಯನ್ನು ಗುಜರಾತಿಯಲ್ಲಿ ಬರೆದರು. ಅದರ ಪ್ರಸ್ತಾವನೆಯಲ್ಲಿ ಮಿತ್ರರೊಬ್ಬರ ಎಚ್ಚರಿಕೆಯನ್ನು ನೆನೆಯುತ್ತಾರೆ: ಇಂದು ತತ್ವವೆಂದು ನಂಬಿದ್ದನ್ನು ನಾಳೆ ಕೈಬಿಟ್ಟರೆ ನಿಮ್ಮ ಬರಹವನ್ನು ನಂಬಿ ನಡೆದವರ ಗತಿಯೇನು? ಇದಕ್ಕಾಗಿಯೇ ಗಾಂಧೀಜಿ ತಮ್ಮ ಬರಹವನ್ನು ಸಿದ್ಧಾಂತವೆನ್ನದೆ ಪ್ರಯೋಗಗಳೆಂದು ಕರೆದರು. ತನಗೂ ತನ್ನ ಸೃಷ್ಟಿಕರ್ತನಿಗೂ ಮಾತ್ರ ತಿಳಿದಿರುವ, ಹೇಳಲಾಗದ ಸಂಗತಿಗಳೂ ಇವೆ ಎಂದು ಅದೇ ಪ್ರಸ್ತಾವನೆಯಲ್ಲಿ ಒಪ್ಪಿಕೊಂಡರು. ಕ್ರೈಸ್ತ ಬರಹಗಾರರಿಗೂ ಈ ಮಾತು ಸಲ್ಲುತ್ತದೆ.

ಇದೇ ನಗರದ ಇನ್ನೊಂದು ಉದಾಹರಣೆಯನ್ನು ಹೇಳಬೇಕು. ಸ್ಪೇನ್ ದೇಶದಲ್ಲಿ 1925ರಲ್ಲಿ ಹುಟ್ಟಿ 1949ರಲ್ಲಿ ಭಾರತಕ್ಕೆ ಬಂದ ಜೆಸ್ಯೂಟ್ ಪಾದ್ರಿ ಕಾರ್ಲೋಸ್ ವಾಲೇಸರು ಇಲ್ಲಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ಗುಜರಾತಿಯನ್ನು ಶ್ರಮಪಟ್ಟು ಕಲಿತು 1960ರಲ್ಲಿ 'ಸದಾಚಾರ' ಎಂಬ ಮೊದಲ ಪುಸ್ತಕವನ್ನು ಪ್ರಕಟಿಸಿದರು. ಪತ್ರಿಕೆಯ ಅಂಕಣಗಳ ಮೂಲಕ ಮನೆಮಾತಾದರು. 1970ರ ದಶಕದಲ್ಲಿ ಕಾಲೇಜಿನ ವಸತಿಯನ್ನು ಬಿಟ್ಟು ಹಳೆಯ ನಗರದ ಪೋಳ್‌ಗಳಲ್ಲಿ ಒಂದೊಂದು ಸಾಮಾನ್ಯ ಮನೆಯಲ್ಲಿ ಕೆಲವು ದಿನಗಳಂತೆ ಅತಿಥಿಯಾಗಿ ವರ್ಷಗಟ್ಟಲೆ ಬಾಳಿದರು. 1978ರಲ್ಲಿ ಗುಜರಾತಿ ಸಾಹಿತ್ಯದ ಪ್ರತಿಷ್ಠಿತ ರಣಜಿತರಾಮ್ ಸುವರ್ಣಚಂದ್ರಕ ಅವರಿಗೆ ದೊರೆಯಿತು. 2020ರಲ್ಲಿ ಮ್ಯಾಡ್ರಿಡ್‌ನಲ್ಲಿ ನಿಧನರಾದ ಅವರಿಗೆ ಮರುವರ್ಷ ಮರಣೋತ್ತರ ಪದ್ಮಶ್ರೀ ಸಂದಿತು. ಹಿಂದೂ, ಜೈನ ಕುಟುಂಬಗಳು ಅವರನ್ನು ಓದಿದವು. ಯಾರ ಶ್ರದ್ಧೆಯನ್ನೂ ಕೆಣಕದೆ ಅವರು ಬರೆದರು. ಆದರೆ ತಾವು ಯಾರೆಂಬುದನ್ನು ಎಂದೂ ಮುಚ್ಚಿಡಲಿಲ್ಲ. ತಮ್ಮ ಆತ್ಮಕಥನಕ್ಕೆ ಅವರು ಇಟ್ಟ ಹೆಸರು 'ಆತ್ಮಕಥಾನಾ ಟುಕಡಾ', ಅಂದರೆ ಆತ್ಮಕಥೆಯ ತುಣುಕುಗಳು. ಪೂರ್ಣವನ್ನು ಹೇಳಿದ್ದೇನೆ ಎಂಬ ಹಟ ಆ ಹೆಸರಿನಲ್ಲಿ ಇಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟ

ಇಷ್ಟು ಓದಿಕೊಂಡ ಮೇಲೆ ಆ ಹಿರಿಯರ ನೋಟ್‌ಬುಕ್ಕನ್ನು ಮತ್ತೆ ತೆರೆದೆ. ಪತಿಗೆ ಮೊದಲ ಬಾರಿ ಹೃದಯಾಘಾತವಾದಾಗ ಆಸ್ಪತ್ರೆಯ ವರಾಂಡದಲ್ಲಿ ರಾತ್ರಿಯಿಡೀ ಮಾಡಿದ ಪ್ರಾರ್ಥನೆ, ಬೆಳಿಗ್ಗೆ ಅವರು ಕಣ್ತೆರೆದದ್ದು, ಇವನ್ನು ಬಹಳ ಚೆನ್ನಾಗಿ ಬರೆದಿದ್ದರು. ದೇವರು ಪ್ರಾರ್ಥನೆಗೆ ಉತ್ತರ ಕೊಡುತ್ತಾನೆ ಎಂಬುದಕ್ಕೆ ಇದೇ ಪ್ರಮಾಣ ಎಂಬ ವಾಕ್ಯದೊಂದಿಗೆ ಬರಹ ಮುಗಿದಿತ್ತು. ಮೂರು ವರ್ಷಗಳ ನಂತರ ಎರಡನೆಯ ಆಘಾತದಲ್ಲಿ ಅವರು ತೀರಿಕೊಂಡ ಪ್ರಸಂಗ ಅದರಲ್ಲಿ ಇರಲಿಲ್ಲ. ಅದರ ಮುಂದಿನ ಪುಟಗಳು ಖಾಲಿಯಾಗಿದ್ದವು.

ಅವರನ್ನು ಕಂಡು ಸಂಕೋಚದಿಂದಲೇ ಹೇಳಿದೆ: "ಟೀಚರಮ್ಮ, ಕಾಗುಣಿತ ತಿದ್ದಿದ್ದೇನೆ. ಬಿಡುವುದಾದರೆ 'ಪ್ರಮಾಣ' ಎಂಬ ಒಂದು ಪದ ಬಿಡಿ. ಸೇರಿಸುವುದಾದರೆ ಎರಡನೆಯ ರಾತ್ರಿಯನ್ನು ಸೇರಿಸಿ."

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಆ ರಾತ್ರಿನೂ ಪ್ರಾರ್ಥನೆ ಮಾಡಿದ್ದೆ ರಾಯರೇ. ಮೊದಲ ಸಲ ನಮ್ಮವರು ಉಳಿದಾಗ ಬಾಜೂ ಹಾಸಿಗೆಯ ಹುಡುಗ ಉಳೀಲಿಲ್ಲ. ಅವನ ತಾಯಿನೂ ಕೈ ಮುಗಿದು ಕೂತಿದ್ದಳು. ಇದನ್ನೆಲ್ಲ ಬರೆದರೆ ಓದಿದವರಿಗೆ ನಂಬಿಕೆ ಕಡಿಮೆ ಆಗಂಗಿಲ್ಲೇನು?" ಎಂದರು.

ಅವರ ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಈ ಲೇಖನವನ್ನು ಓದುವ ಮನೆಗಳಲ್ಲಿ ಮೊದಲ ರಾತ್ರಿ ಕಂಡವರು ಕೆಲವರಾದರೆ, ಎರಡನೆಯ ರಾತ್ರಿ ಕಂಡವರೇ ಹೆಚ್ಚು. ಉಳಿದವರ ಕಥೆ ಮಾತ್ರ ಅಚ್ಚಾದರೆ, ತಮ್ಮ ಪ್ರಾರ್ಥನೆಯಲ್ಲೇ ಏನೋ ಕೊರತೆಯಿತ್ತೆಂದು ಕಳೆದುಕೊಂಡವರು ಕೊರಗುತ್ತಾರೆ. ಬೈಬಲ್ಲಿನಲ್ಲಿಯೇ ಯೋಬನ ಗ್ರಂಥವಿದೆ. ದೇವರ ಮುಂದೆ ದೂರಿಟ್ಟ ನೀತಿವಂತನ ಕಥೆಯನ್ನು ಅದನ್ನು ಸಂಕಲಿಸಿದವರು ಕೈಬಿಡಲಿಲ್ಲ. ಎರಡು ರಾತ್ರಿಗಳನ್ನೂ ಕಂಡು, ಆದರೂ ನಂಬುತ್ತೇನೆ ಎಂದು ಹೇಳುವವರ ಮಾತಿಗೆ ಬರುವ ತೂಕ ಒಂದೇ ರಾತ್ರಿಯ ಕಥೆಗೆ ಬರಲಾರದು. ನಂಬಿಕೆಯಿಲ್ಲದವನೂ ಆ ಮಾತಿಗೆ ತಲೆಬಾಗುತ್ತಾನೆ.

ಪುಸ್ತಕ ಈ ವರ್ಷ ಅಚ್ಚಾಯಿತು. ನಲವತ್ತೆಂಟು ಪುಟ, ನೂರು ಪ್ರತಿ. ಇಲ್ಲಿಯೇ ಹುಟ್ಟಿ ಬೆಳೆದ, ಕನ್ನಡ ಮಾತನಾಡಬಲ್ಲ ಆದರೆ ಓದಲಾರದ ಮೊಮ್ಮಕ್ಕಳಿಗೆ ಅಜ್ಜಿಯೇ ಭಾನುವಾರಗಳಂದು ಓದಿ ಹೇಳುತ್ತಾರಂತೆ. ಕೊನೆಯ ಅಧ್ಯಾಯದಲ್ಲಿ ಎರಡನೆಯ ರಾತ್ರಿ ಇದೆ. ಬಾಜೂ ಹಾಸಿಗೆಯ ಹುಡುಗನೂ ಅವನ ತಾಯಿಯೂ ಇದ್ದಾರೆ. 'ಪ್ರಮಾಣ' ಎಂಬ ಪದವಿಲ್ಲ. ಪುಸ್ತಕದ ಕೊನೆಯಲ್ಲಿ ಮುದ್ರಿತ ಹೆಸರಿನ ಮೇಲೆ, ಪ್ರತಿಯೊಂದು ಪ್ರತಿಯಲ್ಲಿಯೂ ಅವರು ಶಾಯಿಯಲ್ಲಿ ತಮ್ಮ ಸಹಿ ಹಾಕಿದ್ದಾರೆ.

ನಮ್ಮ ಓದುಗರ ಮನೆಗಳಲ್ಲಿ, ಯಾವ ಮತದವರೇ ಆಗಲಿ, ಹಿರಿಯರು ಇಂಥ ಬರಹಕ್ಕೆ ತೊಡಗಿದ್ದರೆ ಅವರಿಗೆ ಪ್ರೋತ್ಸಾಹ ಕೊಡಬೇಕೆಂದು ವಿನಂತಿ. ಕಾಗದ, ಪೆನ್ನು ಒದಗಿಸಿ. ಕಾಗುಣಿತವನ್ನು ಆಮೇಲೆ ತಿದ್ದಬಹುದು. ಕಂಡದ್ದನ್ನಷ್ಟೇ ಬರೆಯಿರಿ, ಕಂಡದ್ದೆಲ್ಲವನ್ನೂ ಬರೆಯಲು ಅಂಜಬೇಡಿ ಎಂದು ಮಾತ್ರ ಅವರಿಗೆ ಹೇಳಿ.